ಕರಡಿ ಮೇಷ್ಟ್ರ ಎಡಗೈ

"ತಾತ, ನೀನು ಕರಡಿ ಆಗ್ತೀಯಾ?"

ಬೇಸಿಗೆ ರಜೆಗೆ ಬಂದ ಮೊಮ್ಮಗಳು ಹೆಗಲಿನ ಚೀಲ ಇಳಿಸುವ ಮೊದಲೇ ಕೇಳಿದ ಪ್ರಶ್ನೆ ಇದು. ನಾನು ಉತ್ತರ ಹುಡುಕುವಷ್ಟರಲ್ಲಿ ಅವಳ ಅಜ್ಜಿ, "ಹೊಸದಾಗಿ ಆಗೋದೇನು ಬಂತು ಪುಟ್ಟಿ, 40 ವರ್ಷದಿಂದ ನಾನು ನೋಡ್ತಾನೇ ಇದೀನಿ" ಎಂದು ಒಳಗೆ ಹೋದಳು.

ನಾನು 34 ವರ್ಷ ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿದ್ದವನು. ಆ ಹೆಸರು ಕಾಗದದಲ್ಲಿ ಮಾತ್ರ. ಮಕ್ಕಳಿಗೂ ಊರಿಗೂ ನಾನು ಡ್ರಿಲ್ ಮೇಷ್ಟ್ರು. ನಿವೃತ್ತನಾಗಿ 7 ವರ್ಷವಾದರೂ ತಿಪಟೂರಿನ ಪೇಟೆಯಲ್ಲಿ ನನ್ನನ್ನು ಕಂಡರೆ ಬೀಡಿ ಬಿಸಾಡಿ ನೆಟ್ಟಗೆ ನಿಲ್ಲುವ ಕೊಬ್ಬರಿ ವ್ಯಾಪಾರಿಗಳಿದ್ದಾರೆ. ಅವರ ತಲೆಯೂ ಈಗ ನರೆತಿದೆ, ಆ ಮಾತು ಬೇರೆ.

ಪುಟ್ಟಿ ಬೆಂಗಳೂರಿನಲ್ಲಿ ಎಂಟನೇ ತರಗತಿ ಮುಗಿಸಿ ಬಂದಿದ್ದಳು. ಅವಳ ಶಾಲೆಯಲ್ಲಿ ಎರಡು ನಿಮಿಷದ ಅನಿಮೇಷನ್ ಚಿತ್ರ ಮಾಡುವ ಸ್ಪರ್ಧೆಯಂತೆ. ಕಾಡಿನ ಪ್ರಾಣಿಗಳಿಗೆಲ್ಲ ಕವಾಯತು ಕಲಿಸುವ ಒಂದು ಕರಡಿಯ ಕಥೆ ಅವಳದು. ಹೆಸರು ಕರಡಿ ಮೇಷ್ಟ್ರು. ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಕೊರಳಲ್ಲಿ ಪೀಪಿ, ತಲೆಗೆ ಟೊಪ್ಪಿ, ಮುಂದೆ ಚಾಚಿದ ಹೊಟ್ಟೆ. ಎಲ್ಲ ಸರಿಯಾಗಿತ್ತು, ಆದರೆ ಕರಡಿ ನಿಂತಲ್ಲೇ ನಿಂತಿತ್ತು.

"ಇದನ್ನು ನಡೆಸಬೇಕು ಅಂದ್ರೆ ಎರಡು ದಾರಿ ತಾತ. ಒಂದೊಂದು ಹೆಜ್ಜೆಗೂ ಕೈ, ಕಾಲು, ಸೊಂಟ, ಕುತ್ತಿಗೆ ಎಲ್ಲಾ ನಾನೇ ತಿರುಗಿಸ್ತಾ ಕೂರಬೇಕು. ಇಲ್ಲಾಂದ್ರೆ ಯಾರಾದ್ರೂ ನಡೀಬೇಕು, ಅವರ ನಡಿಗೇನ ಕರಡಿಗೆ ತೊಡಿಸಬೇಕು. ಅದಕ್ಕೆ ಮೋಷನ್ ಕ್ಯಾಪ್ಚರ್ ಅಂತಾರೆ."

ಚಲನೆಯನ್ನು ಹಿಡಿಯುವುದು! ಇಷ್ಟು ವರ್ಷ ನಾನು ಮಾಡಿದ್ದೂ ಇದೇ ಅಲ್ಲವೇ ಎನ್ನಿಸಿ ಒಪ್ಪಿಕೊಂಡೆ.

ಈ ಕೆಲಸಕ್ಕೆ ಸಿನಿಮಾದವರು ಕಟ್ಟುವ ಸ್ಟುಡಿಯೊವನ್ನು ಪುಟ್ಟಿ ಚಿತ್ರದಲ್ಲಿ ತೋರಿಸಿದಳು. ಸುತ್ತಲೂ ಹತ್ತಾರು ವಿಶೇಷ ಕ್ಯಾಮೆರಾ, ನಡುವೆ ಮೈಗಂಟುವ ಉಡುಪು ತೊಟ್ಟ ನಟ, ಉಡುಪಿನ ಮೇಲೆ ಬೆಳಕಿಗೆ ಹೊಳೆಯುವ ಪುಟ್ಟ ಗುಂಡುಗಳು. 2002ರಲ್ಲಿ ಬಂದ 'ಲಾರ್ಡ್ ಆಫ್ ದಿ ರಿಂಗ್ಸ್' ಎರಡನೇ ಚಿತ್ರದ ಗೊಲ್ಲಮ್ ಎಂಬ ಬಡಕಲು ಪ್ರಾಣಿಯ ಹಿಂದೆ ಆಂಡಿ ಸರ್ಕಿಸ್ ಎಂಬ ನಟ ಇದ್ದ. ನಮ್ಮ ರಜನಿಕಾಂತ್ ಅವರ 2014ರ ತಮಿಳು ಚಿತ್ರ 'ಕೋಚಡೈಯಾನ್' ಮಾಡಿದ್ದೂ ಹೀಗೆಯೇ.

"ನಮಗೆಲ್ಲಿಂದ ಬರುತ್ತಮ್ಮ ಅಷ್ಟು ದುಡ್ಡು?" ಎಂದೆ.

"ಫೋನ್ ಇದೆಯಲ್ಲ ತಾತ, ಸಾಕು."

ಸ್ವಲ್ಪ ಸ್ವಲ್ಪವಾಗಿ ಈ ವಿದ್ಯೆ ಮನೆಗೆ ಇಳಿದು ಬಂದ ಕಥೆಯನ್ನೂ ಅವಳೇ ಹೇಳಿದಳು. 2010ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಟಿವಿ ಆಟಗಳಿಗಾಗಿ ಕಿನೆಕ್ಟ್ ಎಂಬ ಪೆಟ್ಟಿಗೆ ತಂದಿತು. ಅದು ಕಣ್ಣಿಗೆ ಕಾಣದ ಬೆಳಕಿನ ಚುಕ್ಕಿಗಳನ್ನು ಕೋಣೆಯ ತುಂಬ ಚೆಲ್ಲಿ, ಯಾವ ಚುಕ್ಕಿ ಎಷ್ಟು ದೂರದಲ್ಲಿ ಬಿದ್ದಿದೆ ಎಂದು ಲೆಕ್ಕ ಹಾಕುತ್ತಿತ್ತು. ಆಟದ ಸಾಮಾನನ್ನು ಜನ ಪ್ರಯೋಗದ ಸಾಮಾನು ಮಾಡಿಕೊಂಡು ಮನೆಯಲ್ಲೇ ಗೊಂಬೆ ಕುಣಿಸಲು ಶುರುಮಾಡಿದರು. ಈಗ ಆ ಪೆಟ್ಟಿಗೆಯೂ ಬೇಡ. ಬರಿಯ ವಿಡಿಯೊ ನೋಡಿ ಮೈಯ ಕೀಲುಗಳನ್ನು ಗುರುತಿಸುವ ಉಚಿತ ತಂತ್ರಾಂಶಗಳಿವೆ. ಕರಡಿಯನ್ನು ಕಟ್ಟಿದ ಬ್ಲೆಂಡರ್ ಎಂಬ ತಂತ್ರಾಂಶವೂ ಉಚಿತವೇ. ನೆದರ್‌ಲ್ಯಾಂಡ್ಸ್‌ನಲ್ಲಿ ಹುಟ್ಟಿದ ಅದನ್ನು 2002ರಲ್ಲಿ ಬಳಸುವವರೇ ಚಂದಾ ಎತ್ತಿ, ಒಂದು ಲಕ್ಷ ಯೂರೋಗೂ ಮೇಲೆ ಕೂಡಿಸಿ, ಎಲ್ಲರಿಗೂ ಮುಕ್ತ ಮಾಡಿಸಿದರಂತೆ. ಊರವರು ಚಂದಾ ಎತ್ತಿ ಶಾಲೆಗೆ ಕೊಠಡಿ ಕಟ್ಟಿಸಿದ್ದನ್ನು ಕಂಡ ನನಗೆ ಇದು ತುಂಬ ಹಿಡಿಸಿತು.

ಮರುದಿನ ಬೆಳಗ್ಗೆ ಪಡಸಾಲೆಯೇ ನಮ್ಮ ಸ್ಟುಡಿಯೊ ಆಯಿತು. ಕೊಬ್ಬರಿ ಮೂಟೆಯ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಪುಸ್ತಕಗಳು, ಪುಸ್ತಕಕ್ಕೆ ಒರಗಿಸಿ ರಬ್ಬರ್ ಬ್ಯಾಂಡಿನಿಂದ ಕಟ್ಟಿದ ಹಳೆಯ ಫೋನು. ಅದು ನನ್ನ ಸೊಂಟದ ಎತ್ತರಕ್ಕೆ, ಹತ್ತು ಹನ್ನೆರಡು ಅಡಿ ದೂರದಲ್ಲಿರಬೇಕು. ತಲೆಯಿಂದ ಪಾದದವರೆಗೆ ಎಲ್ಲವೂ ಚೌಕಟ್ಟಿನೊಳಗೆ ಕಾಣಬೇಕು. ಬೆಳಕು ನನ್ನ ಮುಖದ ಕಡೆಯಿಂದ ಬರಬೇಕು, ಕಿಟಕಿ ಬೆನ್ನಿಗಿದ್ದರೆ ನಾನು ಬರೀ ನೆರಳು.

ಮೊದಲ ಸಲ ನಾನು ಪಂಚೆಯಲ್ಲೇ ನಡೆದೆ. ಕಂಪ್ಯೂಟರ್ ಪಾಪ ನನ್ನ ಮಂಡಿ ಹುಡುಕಿ ಹುಡುಕಿ ಸೋತಿತು. ಪರದೆಯ ಮೇಲಿನ ಕಡ್ಡಿ ಮನುಷ್ಯನಿಗೆ ಒಮ್ಮೆ ಮೂರು ಕಾಲು, ಒಮ್ಮೆ ಒಂದೂ ಇಲ್ಲ. ಎರಡನೇ ಸಲ ನಾನು ಅರ್ಧ ದಾರಿ ಬಂದಾಗ ಅಜ್ಜಿ ಕಾಫಿ ಲೋಟ ಹಿಡಿದು ಹಿಂದಿನಿಂದ ಹಾದುಹೋದಳು. ಕಡ್ಡಿ ಮನುಷ್ಯ ನನ್ನನ್ನು ಬಿಟ್ಟು ಅವಳ ಮೈಗೆ ಹಾರಿ ಅಡುಗೆಮನೆಗೆ ಹೊರಟುಬಿಟ್ಟ. "ಕಾಫಿ ಕಂಡ ಕಡೆ ಹೋಗೋದು ತಾತನ ಬುದ್ಧಿ, ತಂತ್ರಾಂಶ ಸರಿಯಾಗೇ ಹಿಡಿದಿದೆ" ಎಂದು ಅಜ್ಜಿ ತೀರ್ಪು ಕೊಟ್ಟಳು.

ಕೊನೆಗೆ ಟ್ರಂಕಿನ ತಳದಲ್ಲಿದ್ದ ನನ್ನ ಬಿಳಿಯ ಡ್ರಿಲ್ ಪ್ಯಾಂಟು ಹೊರಗೆ ಬಂತು. ಗೋಡೆ ತಿಳಿಹಳದಿ, ಪ್ಯಾಂಟು ಬಿಳಿ, ಎರಡೂ ಬೆರೆಯುತ್ತವೆ ಎಂದು ಹಿಂದೆ ಒಂದು ನೀಲಿ ಜಮಖಾನ ತೂಗುಹಾಕಿದೆವು. ಪುಟ್ಟಿ ನನ್ನನ್ನು ಎರಡೂ ಕೈ ಪಕ್ಕಕ್ಕೆ ಚಾಚಿ ನಿಲ್ಲಲು ಹೇಳಿದಳು. ಕಂಪ್ಯೂಟರಿಗೆ ನನ್ನ ಅಳತೆ ಸಿಗಲು ಹೀಗೆ ಇಂಗ್ಲಿಷಿನ ಟೀ ಅಕ್ಷರದಂತೆ ನಿಲ್ಲಬೇಕಂತೆ. ಸಾಮೂಹಿಕ ಕವಾಯತಿನ ಎರಡನೇ ಎಣಿಕೆ ಅದೇ. ಸಾವಿರಾರು ಮಕ್ಕಳನ್ನು ಹಾಗೆ ನಿಲ್ಲಿಸಿದವನು ಈಗ ನಾನೇ ನಿಂತೆ.

ಮಕ್ಕಳೇ, ಇಲ್ಲಿ ಒಂದು ಲೆಕ್ಕ ಮಾಡಿ. ಫೋನು ಒಂದು ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ನಾನು 10 ಸೆಕೆಂಡು ನಡೆದರೆ 300 ಚಿತ್ರ. ಒಂದೊಂದರಲ್ಲೂ ತಂತ್ರಾಂಶ ಮೂಗಿನಿಂದ ಪಾದದ ತುದಿಯವರೆಗೆ 33 ಚುಕ್ಕಿ ಇಡುತ್ತದೆ. ಅಂದರೆ ಅಡುಗೆಮನೆ ಬಾಗಿಲಿನಿಂದ ತುಳಸಿಕಟ್ಟೆ ಕಡೆಗೆ ನಾನು ಹತ್ತು ಹೆಜ್ಜೆ ಇಡುವುದರೊಳಗೆ 9,900 ಚುಕ್ಕಿ! ನಿಮ್ಮ ಅಜ್ಜಿ ಸಂಕ್ರಾಂತಿಗೆ ಇಡುವ ರಂಗೋಲಿಯೂ ಇದರ ಮುಂದೆ ಸಣ್ಣದು. ಆ ಚುಕ್ಕಿಗಳನ್ನು ಗೆರೆಯಿಂದ ಸೇರಿಸಿದರೆ ಕಡ್ಡಿ ಮನುಷ್ಯ. ಕಡ್ಡಿ ಮನುಷ್ಯನ ಎಲುಬನ್ನು ಕರಡಿಯ ಎಲುಬಿಗೆ ಜೋಡಿಸಿದರೆ, ಅವನು ಮಾಡಿದ್ದನ್ನು ಕರಡಿ ಮಾಡುತ್ತದೆ.

ಮಾಡಿತು ಕೂಡ. ಆದರೆ ನನ್ನ ಕಾಲಿನ ಅಳತೆ ಬೇರೆ, ಕರಡಿಯದು ಬೇರೆ. ಕರಡಿ ಮೇಷ್ಟ್ರು ಮಂಡಿಯವರೆಗೆ ನೆಲದಲ್ಲಿ ಹೂತು, ನಾಟಿ ಗದ್ದೆಯಲ್ಲಿ ನಡೆದಂತೆ ಜಾರುತ್ತ ಬಂದರು. ಅದನ್ನು ಸರಿಪಡಿಸಲು ಪುಟ್ಟಿಗೆ ಎರಡು ದಿನ ಹಿಡಿಯಿತು. ಪುಕ್ಕಟೆ ಕೆಲಸ ಎಂದರೆ ದುಡ್ಡು ಪುಕ್ಕಟೆ, ದುಡಿಮೆ ಪುಕ್ಕಟೆಯಲ್ಲ ಎಂದು ಆಗ ತಿಳಿಯಿತು.

ಮೂರನೇ ದಿನ ಕರಡಿ ನೆಲದ ಮೇಲೆ ನಡೆಯಿತು. ಎಲ್ಲರೂ ಸುತ್ತ ಕೂತು ನೋಡಿದೆವು. ಮೊದಲ ನಾಲ್ಕು ಹೆಜ್ಜೆ ಭರ್ಜರಿ. ಐದನೇ ಹೆಜ್ಜೆಯಿಂದ ಎಡಗೈ ನಿಧಾನವಾಯಿತು. ಎಂಟನೇ ಹೆಜ್ಜೆಗೆ ಅದು ಮೈಗೆ ಅಂಟಿಕೊಂಡು ಸುಮ್ಮನಾಯಿತು. ಬಲಗೈ ಮಾತ್ರ ಹಿಂದೆ ಮುಂದೆ ಬೀಸುತ್ತಿತ್ತು.

"ಇದು ತಂತ್ರಾಂಶದ ತಪ್ಪು. ಬಲಗಡೆಯಿಂದ ತೆಗೆದ ವಿಡಿಯೊ ಅಲ್ವಾ, ಎಡಗೈ ನಿನ್ನ ಹೊಟ್ಟೆ ಹಿಂದೆ ಮರೆಯಾಗಿದೆ. ಕಾಣದೇ ಇದ್ದಾಗ ಅದು ಊಹೆ ಮಾಡುತ್ತೆ" ಎಂದಳು ಪುಟ್ಟಿ.

ಒಂದೇ ಕ್ಯಾಮೆರಾದ ಕಷ್ಟ ಅದು. ನೀವೂ ಪರೀಕ್ಷೆ ಮಾಡಬಹುದು. ಎರಡು ಕೈಯಲ್ಲೂ ಒಂದೊಂದು ಪೆನ್ಸಿಲ್ ಹಿಡಿದು, ಒಂದು ಕಣ್ಣು ಮುಚ್ಚಿ, ತುದಿಗೆ ತುದಿ ತಾಗಿಸಲು ನೋಡಿ. ತಪ್ಪುತ್ತದೆ. ಯಾವುದು ಹತ್ತಿರ, ಯಾವುದು ದೂರ ಎಂದು ತಿಳಿಯಲು ಎರಡು ಕಣ್ಣು ಬೇಕು. ನಮ್ಮ ಫೋನು ಒಕ್ಕಣ್ಣ.

ಹಾಗಾಗಿ ಎಡಗಡೆಯಿಂದ ತೆಗೆದೆವು. ಎಡಗೈ ಸುಮ್ಮನಿತ್ತು. ಎದುರಿನಿಂದ ತೆಗೆದೆವು. ಸುಮ್ಮನಿತ್ತು. ಅಂಗಿಯ ತೋಳು ದೊಗಲೆ ಎಂದು ಬನಿಯನ್ನಿನಲ್ಲಿ ನಡೆದೆ. ಸುಮ್ಮನಿತ್ತು. ಪುಟ್ಟಿ ತಾನೇ ನಡೆದು ನೋಡಿದಳು. ಅವಳ ಎರಡೂ ಕೈ ಗಡಿಯಾರದ ಲೋಲಕದಂತೆ ಬೀಸಿದವು. ಅವಳು ಆ ದಿನ ಮತ್ತೇನೂ ಮಾತಾಡಲಿಲ್ಲ. ಶಾಲೆಯಲ್ಲಿ ನಾನು ಹೇಳಿಕೊಡುತ್ತಿದ್ದೆ: ಎಡಗಾಲು ಮುಂದೆ ಹೋದಾಗ ಬಲಗೈ ಮುಂದೆ, ಬಲಗಾಲಿಗೆ ಎಡಗೈ. ಪ್ರತಿ ವರ್ಷವೂ ಎಡಗಾಲಿಗೆ ಎಡಗೈ ಬೀಸುವ ಒಬ್ಬ ಹುಡುಗ ಸಾಲಿನಲ್ಲಿ ಇದ್ದೇ ಇರುತ್ತಿದ್ದ. ಕೈಯನ್ನೇ ಬೀಸದ ಹುಡುಗನನ್ನು ಮಾತ್ರ ನಾನು ಕಂಡಿರಲಿಲ್ಲ.

ಮರುದಿನ ಬೆಳಗ್ಗೆ ಪುಟ್ಟಿ, "ಸರಿಹೋಯ್ತು ತಾತ" ಎಂದು ಲ್ಯಾಪ್‌ಟಾಪ್ ತಂದಳು. ಕರಡಿ ಮೇಷ್ಟ್ರು ಎರಡೂ ಕೈ ಬೀಸಿ, ಎದೆ ಉಬ್ಬಿಸಿ, ಕಾಡಿನ ದಾರಿಯಲ್ಲಿ ಬರುತ್ತಿದ್ದರು. ನನಗೆ ಹಿಗ್ಗೋ ಹಿಗ್ಗು. "ನೋಡಿದ್ಯೇನೇ, ಸ್ವಾತಂತ್ರ್ಯ ದಿನದ ಪರೇಡಿನ ನಡಿಗೆ ಇನ್ನೂ ಹಾಗೇ ಇದೆ" ಎಂದು ಅಜ್ಜಿಗೆ ತೋರಿಸಿದೆ. ಅವಳು ನೋಡಿದಳು, ಹೂಂ ಎಂದಳು, ಅಷ್ಟೆ. ಪುಟ್ಟಿ ನನ್ನ ಮುಖ ನೋಡಲಿಲ್ಲ. ಇದನ್ನೆಲ್ಲ ನಾನು ಗಮನಿಸಿದ್ದು ಆಮೇಲೆ.

ಆ ಶನಿವಾರ ಮಗ ಬಂದ. ರಾತ್ರಿ ಕರೆಂಟು ಹೋಯಿತು. ಪುಟ್ಟಿಗೆ ಹೊಸ ಆಟ ಹೊಳೆಯಿತು. ಮೋಷನ್ ಕ್ಯಾಪ್ಚರ್ ಎಲ್ಲಿಂದ ಶುರುವಾಯಿತು ಎಂದು ನಾವಿಬ್ಬರೂ ಆ ವಾರ ಓದಿದ್ದೆವು. 1880ರ ದಶಕದಲ್ಲಿ ಫ್ರಾನ್ಸಿನ ಮಾರೆ ಎಂಬ ವಿಜ್ಞಾನಿ ಮನುಷ್ಯನಿಗೆ ಕಪ್ಪು ಉಡುಪು ತೊಡಿಸಿ, ಕೈಕಾಲಿನ ಉದ್ದಕ್ಕೂ ಬಿಳಿ ಪಟ್ಟಿ ಹಚ್ಚಿ, ಕಪ್ಪು ಗೋಡೆಯ ಮುಂದೆ ನಡೆಸಿ ಒಂದೇ ಗಾಜಿನ ಮೇಲೆ ಹಲವು ಸಲ ಚಿತ್ರ ಹಿಡಿದ. ಮನುಷ್ಯ ಮಾಯವಾಗಿ ಬರೀ ನಡಿಗೆಯ ಗೆರೆ ಉಳಿಯಿತು. ಅಮೆರಿಕದ ಮ್ಯಾಕ್ಸ್ ಫ್ಲೈಷರ್ ತಮ್ಮನಿಗೇ ಬಫೂನಿನ ವೇಷ ಹಾಕಿ, ಸಿನಿಮಾ ತೆಗೆದು, ಒಂದೊಂದು ಚಿತ್ರದ ಮೇಲೂ ಗೆರೆ ಎಳೆದು ಕೋಕೋ ಎಂಬ ವಿದೂಷಕನನ್ನು ಕುಣಿಸಿದ. ಆ ಯಂತ್ರಕ್ಕೆ 1917ರಲ್ಲಿ ಪೇಟೆಂಟ್ ಸಿಕ್ಕಿತು. ಮನೆಯವರನ್ನೇ ನಟರನ್ನಾಗಿ ಮಾಡಿಕೊಳ್ಳುವುದು ಹಾಗಾದರೆ ಪುಟ್ಟಿಯ ಹೊಸ ಉಪಾಯವೇನಲ್ಲ.

ಆದರೆ ಪುಟ್ಟಿಗೆ ಹಿಡಿಸಿದ್ದು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೋಹಾನ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ. ಅವರು ಮನುಷ್ಯನ ಕೀಲುಗಳಿಗೆ ಮಾತ್ರ ಹೊಳೆಯುವ ಗುರುತು ಇಟ್ಟು, ಕತ್ತಲಲ್ಲಿ ನಡೆಸಿ ತೋರಿಸಿದರು. ಸುಮ್ಮನೆ ನಿಂತಾಗ ನೋಡುವವರಿಗೆ ಅದು ಚದುರಿದ ಚುಕ್ಕಿಗಳು. ನಡೆಯತೊಡಗಿದೊಡನೆ, ಮನುಷ್ಯ! ಆಮೇಲೆ 1977ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು, ಹತ್ತಿರದ ಗೆಳೆಯರನ್ನು ಜನ ಬರೀ ಚುಕ್ಕಿಗಳ ನಡಿಗೆಯಿಂದಲೇ ಎಷ್ಟೋ ಸಲ ಗುರುತಿಸಬಲ್ಲರು ಎಂದು ತೋರಿಸಿದರು.

"ಅಜ್ಜಿ ಗುರುತಿಸ್ತಾಳಾ ನೋಡೋಣ" ಎಂದಳು ಪುಟ್ಟಿ.

ಸೈಕಲ್ ಅಂಗಡಿಯಿಂದ 30 ರೂಪಾಯಿಗೆ ತಂದಿಟ್ಟುಕೊಂಡಿದ್ದ ರೇಡಿಯಂ ಸ್ಟಿಕ್ಕರ್ ಕತ್ತರಿಸಿ ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮಂಡಿ, ಹರಡಿಗೆ ಅಂಟಿಸಿದೆವು. ಎಲ್ಲರಿಗೂ ಕಪ್ಪು ಬಟ್ಟೆ. ನನಗೆ ಮಗನ ಟ್ರ್ಯಾಕ್ ಪ್ಯಾಂಟು ಸಿಕ್ಕಿತು. ಹಿತ್ತಲಿನ ಕತ್ತಲಲ್ಲಿ ಒಬ್ಬೊಬ್ಬರೇ ನಡೆದೆವು. ಫೋನಿನ ದೀಪಕ್ಕೆ ಚುಕ್ಕಿಗಳು ಮಾತ್ರ ಮಿನುಗಿದವು. ಎತ್ತರ ನೋಡಿ ಕಂಡುಹಿಡಿಯಬಾರದೆಂದು ಪುಟ್ಟಿ ಮೂವರನ್ನೂ ಒಂದೇ ಅಳತೆಗೆ ತಂದು, ಒಳಗೆ ಕೂತಿದ್ದ ಅಜ್ಜಿಗೆ ತೋರಿಸಿದಳು.

ಮೊದಲನೆಯದಕ್ಕೆ ಅಜ್ಜಿ, "ಇದು ನೀನೇ. ನೆಲದ ಮೇಲೆ ಕಾಲೇ ನಿಲ್ಲೋದಿಲ್ಲ" ಎಂದು ನಕ್ಕಳು. ಸರಿಯಾಗಿತ್ತು.

ಎರಡನೆಯದನ್ನು ಕಂಡು ಅವಳ ಮುಖ ಅರಳಿತು. "ಇದು ನಿಮ್ಮ ತಾತ."

"ಅಲ್ಲ ಅಜ್ಜಿ, ಅದು ಅಪ್ಪ."

ಅಜ್ಜಿ ಇನ್ನೊಮ್ಮೆ ಹಾಕಿಸಿ ನೋಡಿದಳು. "ಹೌದಲ್ಲ. ತಾತ ಮುಂಚೆ ಹೀಗೇ ನಡೀತಿದ್ರು" ಎಂದು ಮೆಲ್ಲಗೆ ಹೇಳಿದಳು. ಮೂರನೆಯದು ಬಂತು. ಹನ್ನೆರಡು ಚುಕ್ಕಿ. ಒಂದು ಬದಿಯ ಚುಕ್ಕಿಗಳು ತೂಗುತ್ತಿದ್ದವು, ಇನ್ನೊಂದು ಬದಿಯ ಮೊಣಕೈ, ಮಣಿಕಟ್ಟು ಗೋಡೆಗೆ ಹೊಡೆದ ಮೊಳೆಯಂತೆ ನಿಂತಲ್ಲೇ ಇದ್ದವು. ಅಜ್ಜಿ ಕನ್ನಡಕ ತೆಗೆದಳು. "ಇದು ಈಗಿನ ತಾತ" ಎಂದಳು.

ಯಾರೂ ಮಾತಾಡಲಿಲ್ಲ. ಆಮೇಲೆ ಪುಟ್ಟಿ ಅತ್ತಳು. ಕರಡಿಯ ಎಡಗೈ ನನ್ನದಲ್ಲವಂತೆ. ನನ್ನ ಬಲಗೈಯ ಚಲನೆಯನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಒಂದು ಹೆಜ್ಜೆ ಹಿಂದೆ ಸರಿಸಿ, ಎಡಗೈಗೆ ಅಂಟಿಸಿದ್ದಳಂತೆ. "ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ ತಾತ."

ಅಜ್ಜಿಗೂ ಗೊತ್ತಿತ್ತು. ಹಿಂದಿನ ದಸರೆಯಿಂದ ಗೊತ್ತಿತ್ತು. ಹೇಳಿದರೆ ನಾನು ರೇಗುತ್ತೇನೆ ಎಂದು ಸುಮ್ಮನಿದ್ದಳು. ನಿಜ ಹೇಳಬೇಕೆಂದರೆ ನನಗೂ ಸ್ವಲ್ಪ ಗೊತ್ತಿತ್ತು. ಹಿಂದಿನ ನವೆಂಬರಿನಲ್ಲಿ ಪಿಂಚಣಿಗೆ ಜೀವಿತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋಗಿದ್ದೆ. ನಾನು ಬದುಕಿದ್ದೇನೆ ಎಂದು ಸಹಿ ಹಾಕಿದೆ. ಈ ಸಹಿ ನಿಮ್ಮದಲ್ಲ ಎಂದರು. ಹಳೆಯ ಸಹಿಯ ಪಕ್ಕ ಅದು ಇರುವೆ ಸಾಲಿನಂತೆ ಸಣ್ಣಗೆ, ಕೊನೆಕೊನೆಗೆ ಇನ್ನೂ ಸಣ್ಣಗೆ ಇತ್ತು. ನಾನು ಪೆನ್ನನ್ನು ಬೈದು, ಗುಮಾಸ್ತನನ್ನು ಬೈದು, ನಾಲ್ಕು ಸಲ ಬರೆದು ಕೊಟ್ಟು ಬಂದಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮಕ್ಕಳ ಸೊಟ್ಟ ಕಾಲನ್ನು ನೂರು ಗಜ ದೂರದಿಂದ ಗುರುತಿಸುತ್ತಿದ್ದ ಮೇಷ್ಟ್ರು ತನ್ನ ಕೈಯನ್ನು ನೋಡಿಕೊಂಡಿರಲಿಲ್ಲ. ನೋಡಿಕೊಳ್ಳಲು ಮನಸ್ಸಿರಲಿಲ್ಲ ಎಂದರೆ ಇನ್ನೂ ಸರಿ.

ಮುಂದಿನ ವಾರ ಮಗ ನನ್ನನ್ನು ಬೆಂಗಳೂರಿನ ನರರೋಗ ತಜ್ಞೆಯ ಬಳಿಗೆ ಕರೆದುಕೊಂಡು ಹೋದ. ಅವರು ಹೆಬ್ಬೆರಳು ತೋರುಬೆರಳು ಬೇಗ ಬೇಗ ತಟ್ಟಿಸಿದರು, ಮಣಿಕಟ್ಟು ಹಿಡಿದು ತಿರುಗಿಸಿದರು, ಒಂದು ವಾಕ್ಯ ಬರೆಸಿದರು, ಉದ್ದ ಓಣಿಯಲ್ಲಿ ನಡೆಸಿದರು. ನಾನು ಕೈ ಬೀಸಬೇಕೆಂದು ನೆನಪಿಟ್ಟು ಬೀಸಿದೆ. ಅವರು ನಡುವೆ, "ಊರಲ್ಲಿ ಈ ಸಲ ಮಳೆ ಹೇಗಿದೆ?" ಎಂದು ಕೇಳಿದರು. ಉತ್ತರ ಹೇಳುವಷ್ಟರಲ್ಲಿ ಕೈ ಮಲಗಿತ್ತು.

ಪಾರ್ಕಿನ್ಸನ್ ಕಾಯಿಲೆ ಎಂದರು. ಹಳಬರು ಕಂಪವಾತ ಎನ್ನುತ್ತಿದ್ದರು. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯರು ಇದರ ಬಗ್ಗೆ ಬರೆದದ್ದರಿಂದ ಅವರ ಹೆಸರು. ನನಗೆ ನಡುಕವೇ ಇಲ್ಲವಲ್ಲ ಎಂದೆ. ಎಲ್ಲರಿಗೂ ನಡುಕದಿಂದಲೇ ಶುರುವಾಗುವುದಿಲ್ಲ ಎಂದರು. ಮಿದುಳಿನ ಒಂದು ಭಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಮಾಡುವ ಜೀವಕೋಶಗಳು ಕಡಿಮೆಯಾಗುತ್ತ ಹೋಗುತ್ತವೆ. ಆಗ ನಾವು ಯೋಚಿಸದೆಯೇ ನಡೆಯುವ ಕೆಲಸಗಳು ಸೊರಗುತ್ತವೆ. ನಡೆಯುವಾಗ ಕೈ ಬೀಸು ಎಂದು ನಾವು ಕೈಗೆ ಹೇಳುವುದಿಲ್ಲ, ಅದು ತಾನಾಗಿ ಬೀಸುತ್ತದೆ. ಆ ತಾನಾಗಿ ಎನ್ನುವುದೇ ನನ್ನ ಎಡಗೈಯಲ್ಲಿ ಕಡಿಮೆಯಾಗಿತ್ತು. ಸಾಮಾನ್ಯವಾಗಿ ಇದು ಮೊದಲು ಒಂದೇ ಬದಿಗೆ ಬರುತ್ತದಂತೆ.

ಪುಟ್ಟಿ ತನ್ನ ಚುಕ್ಕಿಗಳನ್ನು ತೋರಿಸಿದಳು. ವೈದ್ಯೆ ಎರಡು ಸಲ ನೋಡಿದರು. "ವಿಡಿಯೊ ನೋಡಿ ಕಾಯಿಲೆ ಹೆಸರು ಹೇಳೋಕಾಗಲ್ಲ ಪುಟ್ಟ. ಭುಜದ ನೋವಿದ್ದರೂ ಕೈ ಹೀಗೆ ನಿಲ್ಲಬಹುದು. ಆದರೆ ಇದನ್ನು ನೋಡಿ ತಾತನನ್ನು ಕರ್ಕೊಂಡು ಬಂದ್ರಲ್ಲ, ಅದು ಒಳ್ಳೇದಾಯ್ತು" ಎಂದರು. ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಮಾತ್ರೆಯಿಂದ ಚಲನೆ ಸುಧಾರಿಸುತ್ತದೆ, ದಿನವೂ ವ್ಯಾಯಾಮ ಬಿಡಬಾರದು. "ದೊಡ್ಡ ದೊಡ್ಡ ಹೆಜ್ಜೆ ಹಾಕಿ. ಕೈ ಜೋರಾಗಿ ಬೀಸಿ. ಯಾರಾದರೂ ಲೆಫ್ಟ್-ರೈಟ್ ಅಂತ ಎಣಿಸಿದರೆ ತುಂಬ ಜನಕ್ಕೆ ಸುಲಭವಾಗುತ್ತೆ."

ನಾನು ನಕ್ಕುಬಿಟ್ಟೆ. ಅವರು ಏಕೆಂದು ಕೇಳಿದರು. ನನ್ನ ಉದ್ಯೋಗ ಹೇಳಿದೆ. ಅವರೂ ನಕ್ಕರು.

ಮನೆಗೆ ಬಂದ ಮೇಲೆ ಕರಡಿಯ ಪ್ರಶ್ನೆ ಉಳಿದಿತ್ತು. ಅಂಟಿಸಿದ ಕೈಯನ್ನು ಇಡುವುದೋ, ತೆಗೆಯುವುದೋ? ನನ್ನ ಕೈಯಲ್ಲದ ಕೈ ಬೀಸುವುದನ್ನು ನೋಡಲು ನನಗೆ ಮನಸ್ಸಿರಲಿಲ್ಲ. ಒಂದೇ ಕೈ ಬೀಸುವ ಕರಡಿಯನ್ನು ಕಂಡು ಮಕ್ಕಳು ನಗುವುದು ಪುಟ್ಟಿಗೆ ಬೇಡವಾಗಿತ್ತು. ಎರಡು ದಿನ ಅದೇ ಮಾತು. ಕೊನೆಗೆ ಕಾಯಿ ತುರಿಯುತ್ತ ಕೂತಿದ್ದ ಅಜ್ಜಿ ಹೇಳಿದಳು: "ಮೇಷ್ಟ್ರು ಅಂದ್ಮೇಲೆ ಕಂಕುಳಲ್ಲಿ ಹಾಜರಿ ಪುಸ್ತಕ ಇರಬೇಕಲ್ಲ. ಅದನ್ನು ಎಡಗಡೆ ಇಡು. ಪುಸ್ತಕ ಹಿಡಿದ ಕೈ ಬೀಸೋದಾದ್ರೂ ಹೇಗೆ?"

ಪುಟ್ಟಿ ಎದ್ದು ಅಜ್ಜಿಯನ್ನು ಅಪ್ಪಿಕೊಂಡಳು. ಅಂಟಿಸಿದ ಕೈಯನ್ನು ತೆಗೆದು ನನ್ನ ಕೈಯನ್ನೇ ಹಾಕಿದಳು. ಮೊದಲ ನಾಲ್ಕು ಹೆಜ್ಜೆ ಕರಡಿ ಎರಡೂ ಕೈ ಬೀಸುತ್ತದೆ. ಐದನೆಯದಕ್ಕೆ ಒಂದು ಮಂಗ ಓಡಿಬಂದು ಹಾಜರಿ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿ ಹೋಗುತ್ತದೆ. ಅಲ್ಲಿಂದ ಆಚೆ ಎಡಗೈ ಸುಮ್ಮನಿರುವುದು ಎಷ್ಟು ಸಹಜವಾಗಿ ಕಂಡಿತೆಂದರೆ ನನಗೇ ಮರೆತುಹೋಯಿತು. ಚಿತ್ರಕ್ಕೆ ಶಾಲೆಯಲ್ಲಿ ಎರಡನೇ ಬಹುಮಾನ ಬಂತು. ಎಲ್ಲರೂ ಮೆಚ್ಚಿದ್ದು ಕರಡಿಯ ನಡಿಗೆಯನ್ನಂತೆ. ಯಾರೋ ನಿಜವಾದ ಮೇಷ್ಟ್ರೇ ನಡೆದಂತಿದೆ ಎಂದರಂತೆ.

ಈಗ ನನ್ನ ದಿನ ಹೀಗೆ. ಬೆಳಗ್ಗೆ ಆರಕ್ಕೆ ಮಾತ್ರೆ. ಆಮೇಲೆ ಹಳೆಯ ಪೀಪಿ ಕೊರಳಿಗೆ ಹಾಕಿಕೊಂಡು ತೋಟದ ದಾರಿಗೆ. ಅಲ್ಲಿ ತೆಂಗಿನ ಮರಗಳು ಸಾಲಾಗಿ ಅಂತರ ಕಾಯ್ದುಕೊಂಡು ನಿಂತಿವೆ, ನನ್ನ ಯಾವ ತರಗತಿಯೂ ಅಷ್ಟು ಶಿಸ್ತಾಗಿ ನಿಂತಿರಲಿಲ್ಲ. ಅಜ್ಜಿ ಹಿಂದೆ ನಡೆಯುತ್ತ ಎಣಿಸುತ್ತಾಳೆ: ಲೆಫ್ಟ್, ರೈಟ್, ಲೆಫ್ಟ್. 34 ವರ್ಷ ಊರ ಮಕ್ಕಳಿಗೆಲ್ಲ ನಾನು ಕೂಗಿದ್ದನ್ನು ಈಗ ನನಗೆ ಒಬ್ಬಳು ಕೂಗುತ್ತಾಳೆ. ಕೈ ಮರೆತರೆ ಪೀಪಿಯೂ ಅವಳ ಕೈಗೆ ಹೋಗುತ್ತದೆ. ಭಾನುವಾರ ಪುಟ್ಟಿ ಫೋನಿನಲ್ಲಿ ಬಂದು ಎಣಿಸುತ್ತಾಳೆ. ಅವಳ ಎಣಿಕೆ ಸ್ವಲ್ಪ ವೇಗ.

ದಸರಾ ರಜೆಗೆ ಬಂದಾಗ ಅವಳು ಮತ್ತೆ ಕೊಬ್ಬರಿ ಮೂಟೆಯ ಮೇಲೆ ಫೋನು ಕಟ್ಟಿದಳು. ಅದೇ ನೀಲಿ ಜಮಖಾನ, ಅದೇ ಬಿಳಿ ಪ್ಯಾಂಟು, ಅದೇ ಹತ್ತು ಸೆಕೆಂಡು. ಬೇಸಿಗೆಯ ಕಡ್ಡಿ ಮನುಷ್ಯನನ್ನೂ ದಸರೆಯ ಕಡ್ಡಿ ಮನುಷ್ಯನನ್ನೂ ಅಕ್ಕಪಕ್ಕ ನಡೆಸಿದಳು. ಬೇಸಿಗೆಯವನ ಎಡಗೈ ಐದನೇ ಹೆಜ್ಜೆಗೆ ನಿಂತಿತು. ದಸರೆಯವನದು ಐದಾಯಿತು, ಎಂಟಾಯಿತು, ಹತ್ತಾಯಿತು, ಸಣ್ಣದಾಗಿಯಾದರೂ ಬೀಸುತ್ತಲೇ ಇತ್ತು. ನನ್ನ ಮಗನ ಚುಕ್ಕಿಗಳಷ್ಟು ಅಲ್ಲ. ಅಷ್ಟು ಇನ್ನು ಆಗುವುದೂ ಇಲ್ಲ, ಅದು ನನಗೆ ಗೊತ್ತು. ಕೆಲವು ದಿನ ಬೀಸುತ್ತದೆ, ಕೆಲವು ದಿನ ಇಲ್ಲ. ಆದರೂ ಆ ಹತ್ತು ಹೆಜ್ಜೆಯನ್ನು ನಾನು ಮೂರು ಸಲ ಹಾಕಿಸಿ ನೋಡಿದೆ.

"ತಾತ, ಇನ್ನು ಕರಡಿ ಮೇಷ್ಟ್ರ ಕಂಕುಳಿಂದ ಆ ಪುಸ್ತಕ ತೆಗೆದುಬಿಡ್ಲಾ?" ಎಂದು ಪುಟ್ಟಿ ಕೇಳಿದಳು.

"ಇರಲಿ ಬಿಡಮ್ಮ," ಎಂದೆ, "ಇನ್ನೂ ಹಾಜರಿ ಕೂಗೋದು ಮುಗಿದಿಲ್ಲ."